ಬಸವಕಲ್ಯಾಣಕ್ಕೆ ಹೋಗಿಬಂದ ಸೋಫಾ

ಕಳೆದ ಭಾನುವಾರ ನಮ್ಮ ಮನೆಯ ಸೋಫಾ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗಿಬಂತು. ಲಗೇಜ್ ಆಟೋದಲ್ಲಿ! (ಮುಂದಿನ ಸೀಟಿನಲ್ಲಿ ನಾನೂ ಇದ್ದೆ. ಪ್ಲಾನ್ ನನ್ನದೇ.)

ಗೆಳೆಯ ಮಲ್ಲುವಿನ ಮದುವೆ ಮಾತು ನಡೆದಿತ್ತು. ಹುಡುಗಿ ರಾಜೇಶ್ವರದ ರೇಣುಕಾ, ಬ್ಲೌಸ್ ಹೊಲಿಯುತ್ತಾಳೆ. ಮಲ್ಲು ಬಸವಕಲ್ಯಾಣದಲ್ಲಿ ಹಾರ್ಮೋನಿಯಂ (ನಮ್ಮ ಕಡೆ ಪೇಟಿ) ಬಾರಿಸುತ್ತಾನೆ. ಸಂಜೆ ಮಕ್ಕಳಿಗೆ ಪಾಠ, ಕರೆದಲ್ಲಿ ಭಜನೆ. ಬಾಕಿ ಹೊತ್ತು ತನ್ನ ರಿಯಾಜ್. ಬಾಡಿಗೆ ಕೋಣೆ, ಒಂದು ಚಾಪೆ, ಒಂದು ಸೈಕಲ್. ಇಂಥ ಬದುಕಿಗೆ ಓದಿದವರು ಬೊಹೆಮಿಯನ್ ಅಂತಾರೆ. ನಮ್ಮವ್ವ 'ಖಾಲಿ ತಿರುಗೋದು' ಅಂತಾಳೆ.

ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆ ಅಂದಾಗ ಚಿಂತೆ ಹತ್ತಿದ್ದು ನನಗೆ. ಚಾಪೆ ನೋಡಿ ಯಾರು ಹೆಣ್ಣು ಕೊಡ್ತಾರೆ ಹೇಳಿ? ಮಲ್ಲು ಬೇಡ ಬೇಡ ಅಂದರೂ ಸೋಫಾ ಒಳಗೆ ತುರುಕಿದೆ. ಕೋಣೆ ಭರ್ತಿ. ಪೇಟಿ ಅಡುಗೆ ಕಟ್ಟೆ ಏರಿತು.

ರೇಣುಕಾಳೂ ಅಪ್ಪನ ಜೊತೆ ಬಂದಿದ್ದಳು. ಹೊಸ್ತಿಲು ದಾಟಿದವಳೇ ನಿಂತುಬಿಟ್ಟಳು.

"ಫೋನಿನ್ಯಾಗ ಚಾಪಿ ಬಿಟ್ರ ಏನೂ ಇಲ್ಲ ಅಂದಿದ್ರಲ್ರಿ? ಇದು ಯಾರದ್ರಿ?"

ಮಲ್ಲು ನನ್ನ ಕಡೆ ಬೆರಳು ತೋರಿಸಿದ. "ಇವರದ್ರಿ."

ಅಯ್ಯೋ ಪುಣ್ಯಾತ್ಮ!

ಅಪ್ಪನ ಮುಖ ಕೆಂಪಾಯಿತು. "ಮಂದಿ ಸಾಮಾನ ತೋರ್ಸಿ ನಮಗ ಟೋಪಿ ಹಾಕಾಕತ್ತೀರೇನು? ನಡಿ ರೇಣುಕಾ!"

ಆಗೋ ಮದುವೆ ನಾನೇ ಕೆಡಿಸಿದೆನಲ್ಲ ಅಂತ ಅಳುವೇ ಬಂತು. ಆದರೆ ರೇಣುಕಾ ಕದಲಲಿಲ್ಲ.

"ಅಪ್ಪಾ, ಅವರು ನನಗ ಖರೇನ ಹೇಳ್ಯಾರಲ್ಲ."

"ಖರೇ ಹೇಳಿದ್ರ ಹೊಟ್ಟಿ ತುಂಬತದೇನು?" ಅಪ್ಪ ಮಲ್ಲುವಿನತ್ತ ತಿರುಗಿದರು. "ನಾಳಿ ಆರಾಮಿಲ್ಲಂದ್ರ ಏನ್ ಮಾಡ್ತೀರಿ?"

"ಅದೇ ಫಿಕರ್ ನನಗೂ ಅದರಿ. ಇನ್ನಷ್ಟು ಮಕ್ಕಳಿಗಿ ಕಲಿಸಾಕತ್ತೀನಿ. ಆದ್ರ ಪೇಟಿ ಬಿಡಾಂಗಿಲ್ರಿ."

"ನಾನೂ ಹೊಲಿಗಿ ಮಷಿನ್ ಬಿಡಾಂಗಿಲ್ಲ," ಅಂದಳು ರೇಣುಕಾ.

ಅಪ್ಪನ ಪ್ರಶ್ನೆ ತಪ್ಪಲ್ಲ. ಬಾಡಿಗೆ ಏರಿದೆ. ಆಸ್ಪತ್ರೆ ಅಂದರೆ ಎದೆ ಧಸಕ್ ಅನ್ನುತ್ತೆ. ಮೊಬೈಲ್ ರೀಚಾರ್ಜ್ ಮಾಡೋಕೂ ಯೋಚಿಸಬೇಕು. ಇಷ್ಟಪಟ್ಟ ಕೆಲಸ ಮಾಡಿಕೊಂಡು ಕಡಿಮೆಯಲ್ಲಿ ಬದುಕೋದು ಈಗಲೂ ಆಗುತ್ತಾ? ಒಬ್ಬರೇ ಆದರೆ ಕಷ್ಟ. ಆದರೆ ಹಾಗೇ ಬದುಕಬೇಕು ಅನ್ನೋ ಇನ್ನೊಬ್ಬರು ಸಿಕ್ಕರೆ? ಆಗುತ್ತೆ ಅಂತ ಆ ಇಬ್ಬರ ಮುಖ ನೋಡಿ ನಂಬಿಕೆ ಬಂತು.

ಅಪ್ಪ ಕೋಣೆಯನ್ನೆಲ್ಲ ನೋಡಿದರು. ಆಮೇಲೆ ಮಗಳನ್ನು. "ಮತ್ತ ಮಷಿನ್ ಎಲ್ಲಿ ಇಡ್ತೀ?"

"ಸೋಫಾ ತಗದ್ರ ಜಾಗಾ ಆಗ್ತದಪ್ಪಾ."

ಅವರು ನನ್ನತ್ತ ತಿರುಗಿದರು. "ಏನ್ ನೋಡಾಕತ್ತೀರಿ? ತಗೀರಿ ಅದನ್ನ!"

ತೆಗೆದೆವು. ಎಲ್ಲರೂ ಚಾಪೆ ಮೇಲೆ ಕೂತು ಚಹಾ ಕುಡಿದೆವು. ಮದುವೆ ಪಕ್ಕಾ ಆಯಿತು. ಮಲ್ಲು ಕಟ್ಟೆ ಮೇಲಿನ ಪೇಟಿ ಇಳಿಸಿ ಒಂದು ಭಜನೆಯನ್ನೂ ಬಾರಿಸಿದ.

ಸೋಫಾ ಈಗ ನಮ್ಮ ಹಾಲ್‌ನಲ್ಲಿದೆ. ಅದರ ಇಎಂಐ ಇನ್ನೂ ಮುಗಿದಿಲ್ಲ. ನೀವೇ ಹೇಳಿ, ಕೈಗೆಟುಕದ ಬದುಕು ಮಲ್ಲುವಿನದೋ, ನನ್ನದೋ?