ಸತ್ತ ಮೇಲಿನ ನಗು

ಅವರ ಕುತ್ತಿಗೆಯ ಎಡಬದಿಯಲ್ಲಿ, ಕಿವಿಯ ಕೆಳಗೆ, ಒಂದು ದಪ್ಪ ನರವಿತ್ತು. ಮಾತಾಡುವಾಗ ಎದ್ದು ಕಾಣುತ್ತಿತ್ತು, ಸಿಟ್ಟು ಬಂದರೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಸಾಯುವಾಗ ಮಾತ್ರ ನಿಧಾನಕ್ಕೆ ಕುಗ್ಗಿ, ಕೊನೆಗೊಮ್ಮೆ ಮಿಡಿದು, ನಿಂತುಬಿಡುತ್ತಿತ್ತು. ಇದನ್ನು ನಾನೊಬ್ಬಳೇ ಅಲ್ಲ, ಕನ್ನಡ ಸಿನಿಮಾ ನೋಡುವವರೆಲ್ಲ ಕಂಡಿದ್ದಾರೆ. ಕ್ಯಾಮೆರಾ ಆ ನರದ ಹತ್ತಿರಕ್ಕೆ ಹೋಯಿತೆಂದರೆ ಥಿಯೇಟರಿನ ಹೆಂಗಸರೆಲ್ಲ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ನನ್ನ ಅಮ್ಮ ಅದಕ್ಕೂ ಮೊದಲೇ ಅಳಲು ಶುರು ಮಾಡುತ್ತಿದ್ದಳು.

ನಮ್ಮ ಎದುರುಮನೆಯ ಆಕ್ಟರ್ರು ನಾಯಕನ ಅಪ್ಪನ ಪಾತ್ರ ಮಾಡುತ್ತಿದ್ದರು. ನಾಯಕನ ಅಪ್ಪ ಎಂದರೆ ಇಂಟರ್ವಲ್ಲಿಗೆ ಮೊದಲು ಸಾಯಲೇಬೇಕಲ್ಲ. ಲಾರಿ ಹಾಯ್ದು ಸತ್ತರು, ಸಾಹುಕಾರನ ಗುಂಡಿಗೆ ಸತ್ತರು, ಮಗಳ ಮದುವೆಯ ಚಪ್ಪರದ ಕೆಳಗೆ ಎದೆ ಹಿಡಿದುಕೊಂಡು ಸತ್ತರು. ಸೊರಬ ತಾಲ್ಲೂಕಿನಲ್ಲಿ ಗುಡವಿ ಕೆರೆಯ ಆಚೆಗೊಂದು ಹಳ್ಳಿ ಅವರದು. ಶಿರಾಳಕೊಪ್ಪದಲ್ಲಿ ಕ್ಯಾಂಪ್ ಹಾಕಿದ್ದ ನಾಟಕ ಕಂಪನಿಯ ಬೆನ್ನು ಹತ್ತಿ ಹೋದವರು, ಕಂಪನಿ ಮುಳುಗಿದ ಮೇಲೆ ಬೆಂಗಳೂರು ಸೇರಿದರು. ಒಂದು ಚಿತ್ರದಲ್ಲಿ ಚೆನ್ನಾಗಿ ಸತ್ತರು, ಜನ ಅತ್ತರು. ಆಮೇಲೆ ಬಂದ ನಿರ್ಮಾಪಕರೆಲ್ಲ ಅದೇ ಕೆಲಸ ಕೊಟ್ಟರು. ಒಂದೇ ಒಂದು ಚಿತ್ರದಲ್ಲಿ ಕೊನೆಯವರೆಗೂ ಬದುಕಿದ್ದರು. ಅದಕ್ಕೆ ರಾಜ್ಯ ಪ್ರಶಸ್ತಿ ಬಂತು, ಪತ್ರಿಕೆಗಳಲ್ಲಿ ಹೊಗಳಿದರು. ನಮ್ಮ ಶಿಕಾರಿಪುರದಲ್ಲಿ ಮಾತ್ರ ಆ ಚಿತ್ರ ವಾರ ತುಂಬುವುದರೊಳಗೆ ಎತ್ತಂಗಡಿಯಾಯಿತು. ಸಾಯದ ಮೇಲೆ ಅವರನ್ನು ನೋಡುವುದೇನು ಎಂದು ಜನ ಮುಖ ತಿರುಗಿಸಿದರು.

ಅಂಥವರು ಸಿನಿಮಾ ಬಿಟ್ಟು ನಮ್ಮ ಬೀದಿಗೆ ಬಂದರು. ತೀರಿಹೋದ ಹೆಂಡತಿಯ ತವರುಮನೆ ನಮ್ಮ ಎದುರಿಗೇ ಖಾಲಿ ಬಿದ್ದಿತ್ತು. ಅದಕ್ಕೆ ಸುಣ್ಣ ಬಣ್ಣ ಮಾಡಿಸಿ ವಾಸಕ್ಕೆ ನಿಂತರು. ಬಂದ ದಿನವೇ ಅಮ್ಮ ರೊಟ್ಟಿ, ಎಣ್ಣೆಗಾಯಿ ಕಳಿಸಿದಳು. "ಪಾಪ, ಎಷ್ಟ್ ಸಲ ಸತ್ತು ಬಂದಾರೋ, ಹೊಟ್ಟಿಗೆ ಏನ್ ತಿಂದಾರೋ" ಎಂದು ಅವಳ ಮರುಕ.

ಬಿಳಿ ಬಟ್ಟೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಿನಿಮಾದಲ್ಲಿ ಸಾಯಿಸುವಾಗಲೆಲ್ಲ ಬಿಳಿ ಜುಬ್ಬವನ್ನೇ ತೊಡಿಸುತ್ತಿದ್ದರಂತೆ. ಆದ್ದರಿಂದ ಊರಲ್ಲಿ ಗಿಳಿಹಸಿರು, ಅರಿಸಿನ ಹಳದಿ, ಒಮ್ಮೊಮ್ಮೆ ನನ್ನ ಫ್ಯಾನ್ಸಿ ಸ್ಟೋರಿನ ರಿಬ್ಬನ್ನಿನಂಥ ಗುಲಾಬಿ ಬಣ್ಣದ ಅಂಗಿ. ಮೀಸೆಗೆ ಕಪ್ಪು ಬಣ್ಣ ತಪ್ಪದು. ಸಂಜೆ ಬಸ್‌ ಸ್ಟ್ಯಾಂಡ್ ಹತ್ತಿರದ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ. ಟಿವಿಯಲ್ಲಿ ಹೊಸ ನಟನೊಬ್ಬ ಸಾಯುವುದನ್ನು ಕಂಡರೆ ಹೊಟ್ಟೆಕಿಚ್ಚು ತಡೆಯಲಾಗುತ್ತಿರಲಿಲ್ಲ. "ಎಂತ ಮಾರಾಯ್ತಿ ಇದು? ಇವ ಸತ್ತಿದ್ದೋ, ನಿದ್ದೆ ಹೋಗಿದ್ದೋ?" ಎಂದು ನನ್ನನ್ನೇ ಕೇಳುತ್ತಿದ್ದರು.

ಊರು ಅವರನ್ನು ಇಷ್ಟಪಟ್ಟಿತು, ದೂರದಿಂದ. ಹತ್ತಿರಕ್ಕೆ ಬಿಟ್ಟುಕೊಳ್ಳಲು ಒಳಗೊಳಗೇ ಅಳುಕು. ಮದುವೆಗೆ ಕರೆದರೂ ಮಂಟಪದ ಎದುರು ಕೂರಿಸುತ್ತಿರಲಿಲ್ಲ. ಜ್ವರ ಬಂದವರನ್ನು ನೋಡಲು ಸೇಬುಹಣ್ಣು ಹಿಡಿದು ಹೋದರೆ, "ಈಗ್ ತಾನೆ ಮಲಗ್ಯಾರ್ರೀ" ಎಂದು ಗೇಟಿನಲ್ಲೇ ಹಣ್ಣು ಇಸಿದುಕೊಂಡು ಕಳಿಸುತ್ತಿದ್ದರು. ಸಾವನ್ನು ಅಷ್ಟು ಸಲ ಮೈಮೇಲೆ ತಂದುಕೊಂಡವರು ಹೊಸಿಲು ದಾಟಿದರೆ ಏನು ಗತಿ ಎಂಬ ಹೆದರಿಕೆ. ನನಗೆ ಇದು ನಗೆಪಾಟಲಿನ ವಿಷಯವಾಗಿತ್ತು. ಆ ಹೆದರಿಕೆ ನಮ್ಮ ಮನೆಗೇ ಬರುವವರೆಗೆ.

ಅಮ್ಮನ ಕಿಡ್ನಿ ಎರಡೂ ಕೈಕೊಟ್ಟವು. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗಬೇಕು ಎಂದರು ಡಾಕ್ಟರು. ಹೋಗುವಾಗ ಬಸ್ಸಿನಲ್ಲಿ ಹೇಗೋ ಹೋಗುತ್ತಿದ್ದಳು. ಬರುವಾಗ ಮೈಯಲ್ಲಿ ಕಸುವೇ ಇರುತ್ತಿರಲಿಲ್ಲ. ಒಮ್ಮೆ ಸೀಟು ಸಿಗದೆ ಕಂಬ ಹಿಡಿದು ನಿಂತವಳು ವಾಂತಿ ಮಾಡಿಕೊಂಡು ಅಲ್ಲೇ ಕುಸಿದಳು. ಸೀರೆಯೆಲ್ಲ ಕೆಟ್ಟಿತು, ಹತ್ತು ಜನ ನೋಡಿದರು. ಜೀವಮಾನದಲ್ಲಿ ಮಡಿಕೆ ಕೆಡದ ಸೀರೆ ಉಟ್ಟವಳು ಅವಳು. ಮನೆಗೆ ಬಂದು, "ಸಾಕವ್ವ, ಇನ್ನ ನಾ ಹೋಗಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಹೋಗದಿದ್ದರೆ ಏನಾಗುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಇದ್ದವಳು ಅವಳೊಬ್ಬಳೇ.

ಅದಕ್ಕೆ ಒಂದು ವಾರ ಮೊದಲಷ್ಟೇ ಆಕ್ಟರ್ರು ಒಂದು ವ್ಯಾನು ತಂದು ನಿಲ್ಲಿಸಿದ್ದರು. ಸೊರಬದಿಂದ ಹೊರಟು, ಶಿರಾಳಕೊಪ್ಪ, ಶಿಕಾರಿಪುರದಲ್ಲಿ ಕಾಯಿಲೆಯವರನ್ನು ಹತ್ತಿಸಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬರುವ ವ್ಯಾನು. ಒರಗಿ ಮಲಗುವಂಥ ಸೀಟು, ಕುಡಿಯಲು ಬಿಸಿನೀರು, ಡ್ರೈವರ್, ಎಲ್ಲ ಅವರದೇ ಖರ್ಚು. ಹೆಸರು ಬರೆಸಿರಲಿಲ್ಲ, ಫೋಟೋ ಅಂಟಿಸಿರಲಿಲ್ಲ. ಯಾಕೆ ಎಂದು ಕೇಳಿದರೆ, "ಸತ್ತು ದುಡಿದಿದ್ದು, ಬದುಕೋರಿಗೆ ಖರ್ಚಾಗ್ಲಿ" ಎಂದು ಮೀಸೆ ತೀಡಿದರು. ಆದರೆ ಹತ್ತುವವರೇ ಇರಲಿಲ್ಲ. ಊರಿನ ಪಡ್ಡೆಗಳು ಅದಕ್ಕೆ ಸಾಯೋರ ಗಾಡಿ ಎಂದು ಹೆಸರಿಟ್ಟಿದ್ದರು. ಮೊದಲ ವಾರವೆಲ್ಲ ವ್ಯಾನು ಖಾಲಿಯೇ ಹೋಗಿ ಖಾಲಿಯೇ ಬಂತು. ಆಕ್ಟರ್ರು ಮುಂದಿನ ಸೀಟಿನಲ್ಲಿ ಗುಲಾಬಿ ಅಂಗಿ ಹಾಕಿಕೊಂಡು ಒಬ್ಬರೇ ಕೂತಿರುತ್ತಿದ್ದರು.

ನಾನು ಅಮ್ಮನ ಕೈಕಾಲು ಹಿಡಿದೆ. "ಬ್ಯಾಡ. ಆ ಮನುಷ್ಯನ್ನ ಕಂಡ್ರೆ ನಂಗ ಭಾಳ ಅಭಿಮಾನ. ಆದ್ರ ಅವ್ರ ಗಾಡ್ಯಾಗ ಹತ್ತಿದ್ರ ನಾ ಹೊಳ್ಳಿ ಬರಂಗಿಲ್ಲ" ಎಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದುರುಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ ಅತ್ತುಬಿಟ್ಟೆ. ಅವರಿಗೆ ನೋವಾಯಿತೋ ಏನೋ, ಕುತ್ತಿಗೆಯ ನರ ಎರಡು ಸಲ ಮಿಡಿಯಿತು. ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆಯೇ ಬಂದರು.

ಅಮ್ಮ ಪಡಸಾಲೆಯ ಮಂಚದ ಮೇಲಿದ್ದಳು. ಆಕ್ಟರ್ರು ಹೊಸಿಲ ಆಚೆ ನಿಂತು, "ತಂಗೀ, ಒಳಗೆ ಬರಬಹುದಾ?" ಎಂದರು.

"ಅಲ್ಲೇ ನಿಂದ್ರಿ ಅಣ್ಣಾರ. ತಪ್ಪು ತಿಳ್ಕೋಬ್ಯಾಡ್ರಿ, ನಂಗ ಹೆದ್ರಿಕಿ ಆಕ್ಕೈತಿ."

"ಸರಿ, ಇಲ್ಲೇ ಇರ್ತೀನಿ" ಎಂದವರೇ ನಮ್ಮ ಹೊರಗಿನ ಕಟ್ಟೆಯ ಮೇಲೆ ಮೈಚಾಚಿದರು. ನಾನು ನೋಡುತ್ತಿದ್ದಂತೆಯೇ ಕೈ ಎದೆಗೆ ಹೋಯಿತು. ಗಂಟಲಿನಲ್ಲಿ ಒಂದು ಗೊರಕೆಯಂಥ ಸದ್ದು. ಯಾರನ್ನೋ ಕರೆಯಲು ತುಟಿ ಅಲುಗಿತು, ಹೆಸರು ಹೊರಡಲಿಲ್ಲ. ಹಾಲಿನವನು ಸೈಕಲ್ ಇಳಿದ, ಪಕ್ಕದ ಮನೆಯವರು ಓಡಿಬಂದರು. ಎರಡು ದಿನದಿಂದ ಮಂಚ ಬಿಟ್ಟು ಏಳದ ಅಮ್ಮ ಗೋಡೆ ಹಿಡಿದುಕೊಂಡು ಹೊಸಿಲಿಗೆ ಬಂದು ಬಗ್ಗಿ ನೋಡಿದಳು. ಕುತ್ತಿಗೆಯ ನರ ಕುಗ್ಗಿತು. ಕೊನೆಗೊಮ್ಮೆ ಮಿಡಿದು, ನಿಂತಿತು.

"ಯವ್ವಾ, ಡಾಕ್ಟರಿಗೆ ಫೋನ್ ಹಚ್ಚ!" ಎಂದು ಅಮ್ಮ ಕಿರುಚಿದಳು.

ಆಗ ಅವರು ಎದ್ದು ಕೂತರು. ನೆಟ್ಟಗೆ ಕೂತು, ಅಮ್ಮನ ಮುಖವನ್ನೇ ನೋಡುತ್ತ ನಕ್ಕರು. ಅಂಥ ನಗುವನ್ನು ಅವರ ಯಾವ ಚಿತ್ರದಲ್ಲೂ ನಾನು ಕಂಡಿರಲಿಲ್ಲ. ಮಂಡಕ್ಕಿ ಮೂಟೆ ಹರಿದ ಹಾಗೆ ಸುರಿಯುತ್ತಲೇ ಹೋಯಿತು.

"ನೋಡಿ ತಂಗೀ, ಸಿನಿಮಾದಲ್ಲಿ ಸತ್ತ ಸೀನ್ ಆದ್ಮೇಲೆ ಹಂಗೇ ಮನಿಗೆ ಕಳಿಸೂದಿಲ್ಲ. ಅಪಶಕುನ ಅಂತಾರೆ. ಸತ್ತೋನು ಎದ್ದು ಕೂತು, ಕ್ಯಾಮೆರಾ ನೋಡಿ ಒಂದು ಸಲ ನಗಬೇಕು. ಅದನ್ನೂ ಶೂಟ್ ಮಾಡ್ತಾರೆ. ಆಮೇಲೇ ಪ್ಯಾಕಪ್. ಆ ನಗೂನ ಸಿನಿಮಾದಲ್ಲಿ ಹಾಕೂದಿಲ್ಲ, ಕತ್ತರಿಸಿ ಬಿಸಾಡ್ತಾರೆ. ನೀವು ಟಿಕೆಟ್ ತಗಂಡು ನೋಡಿದ್ದು ಅರ್ಧ ಮಾತ್ರ. ಉಳಿದರ್ಧ ನಾನು ಎದ್ದು ನಕ್ಕಿದ್ದು."

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು, "ಎಲ್ಲಾ ಸಲನೂ ಎದ್ದೀರಾ?"

"ಒಂದು ಸಲವೂ ತಪ್ಪಿಸಿಲ್ಲ."

"ಲಾರಿ ಹಾಯ್ದಾಗ್ಲೂ?"

"ಲಾರಿ ಡ್ರೈವರ್ ಪಕ್ಕದಲ್ಲೇ ಕೂತು ನಕ್ಕೆ. ಅವನೇ ಬೀಡಿ ಕೊಟ್ಟ."

ಅಮ್ಮನಿಗೆ ಮೊದಲು ಸಿಟ್ಟು ಬಂತು. ಇಷ್ಟು ವರ್ಷ ತನ್ನ ಕಣ್ಣೀರು ದಂಡ ಮಾಡಿದರೆಂದು ಬೈದಳು. ಬೈಯುತ್ತ ಬೈಯುತ್ತ ನಗು ತಡೆಯಲಾಗದೆ ಹೊಸಿಲ ಮೇಲೇ ಕೂತುಬಿಟ್ಟಳು. ಆಮೇಲೆ ಹೇಳಿದಳು, "ತಡೀರಿ, ಸೀರಿ ಬದಲಾಯಿಸ್ಕೊಂಡು ಬರ್ತೀನಿ." ನಾನು ಒಳಗೆ ಹೋಗಿ ದೇವರ ಗೂಡಿನ ಮುಂದೆ ನಿಂತು ಮತ್ತೆ ಅತ್ತೆ.

ಅವತ್ತು ಸಂಜೆ ವ್ಯಾನು ನಮ್ಮ ಬಾಗಿಲಿಗೆ ಬಂದಾಗ ಅಮ್ಮ ಸೋತು ಸುಣ್ಣವಾಗಿದ್ದಳು, ಆದರೆ ಸೀರೆಯ ಮಡಿಕೆ ಕೆಟ್ಟಿರಲಿಲ್ಲ. ಇಳಿದು ಒಳಗೆ ಹೊರಟವಳನ್ನು ಆಕ್ಟರ್ರು ತಡೆದರು. "ತಂಗೀ, ನಗು ಬಾಕಿ." ಅಮ್ಮ ತಿರುಗಿ ವ್ಯಾನಿನ ಕಡೆ ನೋಡಿ ನಕ್ಕಳು. "ಪ್ಯಾಕಪ್!" ಎಂದು ಅವರು ಕೂಗಿದ ಮೇಲೆಯೇ ಗಾಡಿ ಹೊರಟಿದ್ದು. ಅಮ್ಮ ಹೊಳ್ಳಿ ಬಂದದ್ದನ್ನು ಬೀದಿಯೆಲ್ಲ ನೋಡಿತು. ಮುಂದಿನ ವಾರ ಇನ್ನಿಬ್ಬರು ಹತ್ತಿದರು, ತಿಂಗಳು ಕಳೆಯುವಷ್ಟರಲ್ಲಿ ಸೀಟು ತುಂಬಿತು. ಪಡ್ಡೆಗಳು ಇಟ್ಟ ಹೆಸರು ಯಾವಾಗ ನಗೋ ಗಾಡಿ ಎಂದಾಯಿತೋ ತಿಳಿಯಲಿಲ್ಲ.

ಈ ನಗುವಿನ ವಿಷಯದಲ್ಲಿ ಆಕ್ಟರ್ರದು ಕಟ್ಟುನಿಟ್ಟು. ಒಮ್ಮೆ ಯಾರೋ ಅವಸರದ ನಿರ್ದೇಶಕ ಸಾಯಿಸಿದ ಮೇಲೆ ನಗಿಸದೆಯೇ ಕ್ಯಾಮೆರಾ ಕಟ್ಟಿಸಿದನಂತೆ. ಇವರು ಚಟ್ಟದ ಮೇಲಿಂದ ಏಳಲೇ ಇಲ್ಲ. ಪೆಟ್ಟಿಗೆ ಬಿಚ್ಚಿ ಮತ್ತೆ ಕ್ಯಾಮೆರಾ ಹೂಡುವವರೆಗೆ ಹೂವಿನ ಹಾರ ಹಾಕಿಕೊಂಡೇ ಮಲಗಿದ್ದರು. ವ್ಯಾನಿನಲ್ಲೂ ಹಾಗೆಯೇ. ಸೊರಬದ ಕಡೆಯ ರೈತರೊಬ್ಬರು ಹೆಂಡತಿಯ ಎದುರೂ ನಗದವರು. ಅವರ ಮನೆ ಮುಂದೆ ವ್ಯಾನು ನಿಂತೇ ಇರುತ್ತಿತ್ತು. ಕೊನೆಗೆ ಆತ ಬೇಜಾರಿಗಾದರೂ ಹಲ್ಲು ಬಿಡಲೇಬೇಕಿತ್ತು.

ಮಳೆಗಾಲದಲ್ಲಿ ಒಂದು ದಿನ ಎಲ್ಲರನ್ನೂ ಗುಡವಿಗೆ ಹಕ್ಕಿ ತೋರಿಸಲು ಕರೆದುಕೊಂಡು ಹೋದರು. ಕೆರೆಯ ಗಿಡಗಳ ಮೇಲೆ ಬೆಳ್ಳಗೆ ಕೂತ ಹಕ್ಕಿಗಳನ್ನು ನೋಡುತ್ತ, ಅವರು ನನಗೊಂದು ಮಾತು ಹೇಳಿದರು. "ಇಲ್ಲೇ ಆಚೆ ನಮ್ಮನೆ. ಅಪ್ಪನಿಗೆ ಎದೆನೋವು ಬಂದಾಗ ಊರಲ್ಲಿ ಗಾಡಿ ಸಿಗ್ಲಿಲ್ಲ. ಟ್ರಾಕ್ಟರಲ್ಲಿ ಹಾಕ್ಕಂಡು ಹೋದ್ರು, ದಾರಿಯಲ್ಲೇ ಹೋದ. ಆ ಹೊತ್ತಿಗೆ ನಾನು ಸೆಟ್ಟಲ್ಲಿ ಸಾಯ್ತಾ ಇದ್ದೆ. ಎದ್ದು ನಗು ಕೊಟ್ಟೆ. ನಕ್ಕಾದ ಮೇಲೆ ಸುದ್ದಿ ಹೇಳಿದ್ರು." ಮಾತು ಮುಗಿಸಿ ನನ್ನ ತಲೆ ಮೇಲೊಂದು ಮೊಟಕಿ, ಅಮ್ಮನಿಗೆ ಬಿಸಿನೀರು ಕೊಡು ಹೋಗು ಎಂದರು. ವ್ಯಾನು ಯಾಕೆ ಬಂತೆಂದು ನನಗೆ ತಿಳಿದದ್ದು ಅವತ್ತೇ.

ಹೋದ ವರ್ಷ, ಬೆಳಗಿನ ಚಹಾ ಕುಡಿದು ಲೋಟ ಕೆಳಗಿಟ್ಟವರು ಕೂತ ಕುರ್ಚಿಯಲ್ಲೇ ಹೋದರು. ಕೈ ಎದೆಗೆ ಹೋಗಲಿಲ್ಲ, ತುಟಿ ಅಲುಗಲಿಲ್ಲ. ಹತ್ತಿರದಲ್ಲೇ ಇದ್ದ ಡ್ರೈವರಿಗೂ ಗೊತ್ತಾಗಲಿಲ್ಲವಂತೆ. ಟಿವಿಯವರು ಬೆಳಗಿನಿಂದ ಅವರ ಸಾವುಗಳನ್ನೇ ಒಂದರ ಹಿಂದೊಂದು ತೋರಿಸಿದರು. ಅಮ್ಮ ಟಿವಿಯ ಮುಂದೆ ಕೂತು, "ಎದ್ದಿದ್ದು ತೋರಸ್ರೋ! ಎದ್ದು ನಕ್ಕಿದ್ದು ತೋರಸ್ರೋ!" ಎಂದು ಬೈಯುತ್ತಿದ್ದಳು.

ಅವರೂ ನಮ್ಮ ಹಾಗೆ ಲಿಂಗ ಕಟ್ಟಿದ ಮನೆಯವರು. ನಮ್ಮವರಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಕೂರಿಸುತ್ತಾರೆ. ಜೀವನವಿಡೀ ಮಲಗಿಕೊಂಡೇ ಸತ್ತವರನ್ನು ಮನೆಯ ಮುಂದೆ ಹೂವಿನ ಮಂಟಪದಲ್ಲಿ ನೆಟ್ಟಗೆ ಕೂರಿಸಿದ್ದರು. ಕುತ್ತಿಗೆಗೆ ದಪ್ಪಗೆ ಬಳಿದ ವಿಭೂತಿಯಲ್ಲಿ ನರ ಕಾಣುತ್ತಿರಲಿಲ್ಲ. ಸುತ್ತ ಜನ ಮೊಬೈಲ್ ಎತ್ತಿ ಹಿಡಿದಿದ್ದರು. ನೋಡಿದರೆ ಥೇಟ್ ಅವರು ನಮ್ಮ ಕಟ್ಟೆಯ ಮೇಲೆ ಎದ್ದು ಕೂತ ಹಾಗೆಯೇ. ವ್ಯಾನಿನವರೆಲ್ಲ ಬಂದಿದ್ದರು, ಸೊರಬದ ಆ ರೈತರೂ ಬಂದಿದ್ದರು. ನಾವು ಏನನ್ನು ಕಾಯುತ್ತಿದ್ದೇವೆಂದು ನಮಗಷ್ಟೇ ಗೊತ್ತಿತ್ತು.

ಅಯ್ಯನವರು ಇನ್ನು ಎತ್ತೋಣ ಎಂದರು. ಅಮ್ಮ ನನ್ನ ತೋಳು ಬಿಡಿಸಿಕೊಂಡು ಮುಂದೆ ಹೋದಳು. "ತಡೀರಿ. ಎದ್ದು ಕುಂತಾರ, ನಗಾದೊಂದು ಬಾಕಿ ಐತಿ. ಅದಾಗದ ಅವ್ರು ಹೋಗಂಗಿಲ್ಲ."

ಯಾರೋ ಅವಳನ್ನು ಸಮಾಧಾನ ಮಾಡಲು ಕೈಹಿಡಿದರು. ಅವಳು ಬಿಡಿಸಿಕೊಂಡಳು. ಸೆರಗು ಸರಿಮಾಡಿಕೊಂಡು, ಅವರ ಮುಖದ ಎದುರಿಗೆ ನಿಂತು, ಅವರ ಪಾಲಿನದನ್ನೂ ಸೇರಿಸಿ, ಬೀದಿಗೆಲ್ಲ ಕೇಳುವಂತೆ ನಕ್ಕಳು. ಅವರ ಸುಳ್ಳು ಸಾವುಗಳಿಗೆಲ್ಲ ತಪ್ಪದೆ ಅತ್ತವಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲಲಿಲ್ಲ. ಹಿಂದಿನಿಂದ ಆ ರೈತರ ನಗು ಕೇಳಿಸಿತು, ಆಮೇಲೆ ಡ್ರೈವರನದು, ಆಮೇಲೆ ನನ್ನದು.

"ಆತ್ರಿ ಅಣ್ಣಾರ," ಎಂದಳು ಅಮ್ಮ, "ಪ್ಯಾಕಪ್."

ಆಮೇಲೆ ಅವರನ್ನು ಎತ್ತಿದರು.