ಎಂಟು ಪಟಗಳ ಪೆಟ್ಟಿಗೆ

ನಾನು ಈ ಜನ್ಮದಲ್ಲಿ ಕೊಂಡ ಕ್ಯಾಮರಾ ಒಂದೇ. ಆದರೆ ಅದನ್ನು ಆರಿಸುವುದಕ್ಕೆ ಏಳು ತಿಂಗಳು ಹಿಡಿಯಿತು. ಹೆಣ್ಣು ನೋಡಲು ಹೋದಾಗ ಕೂಡ ನಾನು ಇಷ್ಟು ಯೋಚಿಸಿದವನಲ್ಲ. ಕುಲಶೇಖರದಲ್ಲಿ ಹೆಣ್ಣಿನ ಮನೆಯ ಜಗಲಿಯಲ್ಲಿ ಕೂತು, ಕೊಟ್ಟ ಪಾನಕ ಮುಗಿಯುವುದರೊಳಗೆ ಗಿರಿಜೆಯನ್ನು ಒಪ್ಪಿಬಿಟ್ಟಿದ್ದೆ. "ನನಗೆ ಒಂದು ಲೋಟ ಪಾನಕದಷ್ಟು ಹೊತ್ತು, ಆ ಪೆಟ್ಟಿಗೆಗೆ ಏಳು ತಿಂಗಳು" ಎಂದು ಅವಳು ಈಗಲೂ ನೆಂಟರ ಎದುರು ಹೇಳುವುದುಂಟು. ಇದು ದೂರೋ ಹೆಮ್ಮೆಯೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಆಗ ನಾನು ಬೋಳಾರದ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಇವತ್ತು ಎಷ್ಟು ಹಂಚು ಬೆಂದಿತು, ಎಷ್ಟು ಒಡೆಯಿತು ಎಂದು ಬರೆಯುವುದು ನನ್ನ ಕಸುಬು. ಎಲ್ಲ ಹಂಚೂ ಒಂದೇ ಹಾಗೆ ಇರುತ್ತದೆ, ಒಡೆದದ್ದು ಮಾತ್ರ ಬೇರೆ ಬೇರೆ ಹಾಗೆ. ಇಂಥ ಉದ್ಯೋಗದವನಿಗೆ ಒಂದು ಹುಚ್ಚು ಹಿಡಿಯದಿದ್ದರೆ ಆಶ್ಚರ್ಯ. ನನಗೆ ಹಿಡಿದದ್ದು ಅಂಚೆಯ ಮೂಲಕ. ಬೊಂಬಾಯಿಯ ಒಂದು ಅಂಗಡಿಗೆ ಕಾರ್ಡು ಬರೆದರೆ ಕ್ಯಾಮರಾಗಳ ಕ್ಯಾಟಲಾಗು ಪುಕ್ಕಟೆ ಕಳಿಸುತ್ತಾರೆಂದು ಯಾರೋ ಹೇಳಿದರು. ಪುಕ್ಕಟೆ ಎಂದಮೇಲೆ ಬರೆಯದಿರುವುದು ಹೇಗೆ? ಕ್ಯಾಟಲಾಗು ಬಂತು, ನನ್ನ ಬುದ್ಧಿ ಹೋಯಿತು.

ಗಂಜಿ ಉಣ್ಣುವಾಗ ಅದು ಎಡಗೈಯಲ್ಲಿ. ಒಮ್ಮೆ ಉಪ್ಪಿನಕಾಯಿಯ ಮಿಡಿಯೆಂದು ತಿಳಿದು ಅದರ ಮೂಲೆಯನ್ನೇ ಕಚ್ಚಿದ್ದೇನೆ. ಮಸೂರ ಯಾವುದು, ಬೆಳಕು ಬಿಡುವ ರೆಪ್ಪೆ ಎಷ್ಟು ಹೊತ್ತು ತೆರೆಯುತ್ತದೆ, ಎಷ್ಟು ಅಡಿಯೊಳಗಿನದು ಮಸುಕು, ಎಷ್ಟು ಅಡಿಯಾಚೆಗಿನದು ಸ್ಪಷ್ಟ ಎಂಬುದೆಲ್ಲ ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಯಿತು. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ರೂಪಾಯಿ. ಆ ಇಪ್ಪತ್ತರಲ್ಲಿ ಬರುವುದು ಕರಿಯ ಡಬ್ಬಿಯಂಥ ಪೆಟ್ಟಿಗೆ ಕ್ಯಾಮರಾ ಮಾತ್ರ. ಅದಕ್ಕೆ ತಿರುಗಿಸಲು ಏನೂ ಇಲ್ಲ, ಮಡಚಲು ಏನೂ ಇಲ್ಲ. ಒಂದು ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ, ಮುಗಿಯಿತು. ಇಷ್ಟೆಲ್ಲ ಪಾಂಡಿತ್ಯ ಗಳಿಸಿದವನು ಅಂಥದ್ದನ್ನು ಹಿಡಿದು ಬೀದಿಯಲ್ಲಿ ನಡೆಯುವುದೆಂದರೆ, ಸಂಗೀತ ಕಲಿತವನು ಶಾಲೆಯ ಗಂಟೆ ಹೊಡೆದ ಹಾಗೆ. ನನ್ನ ಮನಸ್ಸೆಲ್ಲ ಹಾರ್ಮೋನಿಯಂನ ತಿದಿಯಂತೆ ಹಿಗ್ಗುವ, ಮಡಚುವ ಕ್ಯಾಮರಾದ ಮೇಲೆ.

ಊರಿನ ಸ್ಟುಡಿಯೋದ ಕಾಮತರನ್ನು ಕೇಳಿದೆ. ಅವರು ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆಯದೆಯೇ, "ಪಟ ತೆಗೆಯುವುದು ಹಲ್ಲು ತೆಗೆದ ಹಾಗೆ. ಕಲಿಯುವವರೆಗೆ ಎದುರಿನವನಿಗೆ ನೋವು" ಎಂದರು. ನಾನು ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ನಾವು ಹಲ್ಲು ತೆಗೆಯುತ್ತೇವೆ, ಮುಳ್ಳು ತೆಗೆಯುತ್ತೇವೆ, ಜಗಳ ತೆಗೆಯುತ್ತೇವೆ, ಪಟವನ್ನೂ ತೆಗೆಯುತ್ತೇವೆ. ಒಳಗೆ ಇದ್ದದ್ದನ್ನೇ ತಾನೇ ಹೊರಗೆ ತೆಗೆಯುವುದು? ಹಾಗಾದರೆ ಪಟ ಮೊದಲೇ ಎಲ್ಲಿಯೋ ಒಳಗೆ ಕೂತಿರಬೇಕು. ಈ ತತ್ತ್ವದ ಗುಂಗಿನಲ್ಲಿ ನಾನು ನನ್ನ ಮನೆಯ ತಿರುವು ದಾಟಿ ಎರಡು ಫರ್ಲಾಂಗು ಮುಂದೆ ಹೋಗಿದ್ದೆ.

ಆರನೆಯ ತಿಂಗಳಲ್ಲಿ ಮೊಯ್ದಿನ್ ಹೇಳಿಕಳಿಸಿದ. ಮೊಯ್ದಿನ್ ನನ್ನ ಶಾಲೆಯ ಜೊತೆಗಾರ. ಬಂದರಿನಲ್ಲಿ ಅವನ ತಂದೆ ಹಸನಬ್ಬ ಸಾವುಕಾರರಿಗೆ ಕಾಳುಮೆಣಸು, ಒಣಮೀನಿನ ಮಂಡಿ ಇತ್ತು. ಊರು ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ದೊರೆಯ ಮನೆಯ ಸಾಮಾನಿನ ಏಲದಲ್ಲಿ ಮೊಯ್ದಿನ್ ಎರಡು ಕುರ್ಚಿ ಹಿಡಿದಿದ್ದ. ಅವುಗಳ ಜೊತೆಗೆ ಒಂದು ತಿದಿಯ ಕ್ಯಾಮರಾವೂ ಬಂದಿತ್ತು. ನಾನು ಅದನ್ನು ತೆರೆದೆ. ಸುಯ್ಯೆಂದು ಮೂತಿ ಮುಂದಕ್ಕೆ ಬಂತು. ಮುಚ್ಚಿದೆ, ತೆರೆದೆ, ಮತ್ತೆ ಮುಚ್ಚಿದೆ. ಆ ಮಂಡಿಯ ಒಣಮೀನಿನ ವಾಸನೆ ನನಗೆ ಆ ಹೊತ್ತು ಮಲ್ಲಿಗೆಯ ಹಾಗೆ ಬಂದಿರಬೇಕು.

"ಕೊಡು ಇಲ್ಲಿ," ಎಂದ ಮೊಯ್ದಿನ್. ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ. "ನಾವು ಗೋಣಿ ತೆಗೆದುಕೊಳ್ಳುವಾಗ ಎಂತ ಮಾಡ್ತೇವೆ ಗೊತ್ತುಂಟಾ? ತೂತು ನೋಡ್ತೇವೆ."

ಅವನು ನನ್ನನ್ನು ಗೋಡೌನಿನೊಳಗೆ ಎಳೆದು ಬಾಗಿಲು ಮುಚ್ಚಿದ. ನಡುಮಧ್ಯಾಹ್ನ, ಆದರೆ ಒಳಗೆ ಮೆಣಸಿನ ಮೂಟೆಗಳ ನಡುವೆ ಕಾಡಿಗೆಯಂಥ ಕತ್ತಲೆ. ಕ್ಯಾಮರಾದ ಬೆನ್ನು ತೆರೆದು, ಬ್ಯಾಟರಿ ದೀಪವನ್ನು ಒಳಗೆ ತೂರಿಸಿ ಹೊತ್ತಿಸಿದ. ತಿದಿಯ ಮೈಮೇಲೆ ಮಡಿಕೆ ಮಡಿಕೆಯಲ್ಲೂ ಬೆಳಕಿನ ಚುಕ್ಕಿಗಳು ಮೂಡಿದವು.

"ನೋಡು ಮಾರಾಯ, ಸಪ್ತರ್ಷಿಗಳೇ ಉಂಟು!" ಎಂದು ಅವನು ನಕ್ಕ. ನಾನೂ ನಕ್ಕೆ. ಮೆಣಸಿನ ಘಾಟಿಗೆ ಇಬ್ಬರಿಗೂ ಸೀನು ಬಂತು. ಸೀನುತ್ತ, ನಗುತ್ತ, ಕಣ್ಣು ಒರಸುತ್ತ ಹೊರಗೆ ಬಂದೆವು. ಆ ಕಣ್ಣೀರಿನಲ್ಲಿ ನನ್ನದು ಸ್ವಲ್ಪ ನಿಜವಾದದ್ದೂ ಇತ್ತು. ತೂತಿದ್ದ ಕ್ಯಾಮರಾದಲ್ಲಿ ರೀಲು ಹಾಕಿದರೆ ಬರುವುದು ಬರೀ ಮಂಜು.

ಸಂಜೆ ಮನೆಗೆ ಹೋಗಿ ಗಿರಿಜೆಯ ಎದುರು ನನ್ನ ದುಃಖವನ್ನೆಲ್ಲ ಸುರಿದೆ. ಅವಳು ತೆಂಗಿನಕಾಯಿ ತುರಿಯುತ್ತ ಪೂರ್ತಿ ಕೇಳಿದಳು. ಆಮೇಲೆ, "ಆಯ್ತು. ನೀವು ಎಂತದರ ಪಟ ತೆಗೀಲಿಕ್ಕೆ ಇರುವುದು?" ಎಂದಳು.

ಆರು ತಿಂಗಳಲ್ಲಿ ಆ ಪ್ರಶ್ನೆ ನನ್ನ ತಲೆಗೆ ಹೊಕ್ಕಿರಲೇ ಇಲ್ಲ! ಕ್ಯಾಮರಾ ಕೊಂಡಮೇಲೆ ಪಟಗಳು ತಾವಾಗಿಯೇ ಬಂದು ಸಾಲುಗಟ್ಟುತ್ತವೆಂದು ನಂಬಿದ್ದೆನೋ ಏನೋ. "ಪ್ರಕೃತಿ" ಎಂದೆ ಕೊನೆಗೆ. "ಒಳ್ಳೆದು," ಎಂದಳು ಗಿರಿಜೆ, "ಅದು ಎಲ್ಲಿಗೂ ಓಡಿ ಹೋಗುವುದಿಲ್ಲ. ನಿಧಾನಕ್ಕೆ ಆರಿಸಿ."

ಹೀಗೆ ಏಳನೆಯ ತಿಂಗಳೂ ನಿಧಾನಕ್ಕೆ ಕಳೆಯುತ್ತಿತ್ತು. ಒಂದು ದಿನ ಮೊಯ್ದಿನ್ ನಮ್ಮ ಮನೆಯ ಮೆಟ್ಟಿಲ ಮೇಲೆ ಬಂದು ಕೂತ. ಅವನು ನಗುತ್ತಿರಲಿಲ್ಲ.

"ಬಾಪ ಮಂಜಿ ಮಾರಿದರು," ಎಂದ.

ಮಂಜಿ ಎಂದರೆ ನಮ್ಮ ಕಡೆಯ ಹಾಯಿ ಹಡಗು. ಹಸನಬ್ಬ ಸಾವುಕಾರರು ಅದರ ಮರ ಕಡಿಸಿದ್ದರಿಂದ ಹಿಡಿದು ಹಾಯಿ ಹೊಲಿಸಿದ್ದರ ವರೆಗೆ ಎದುರಿಗೆ ನಿಂತವರು. ಮೂವತ್ತು ವರ್ಷ ಅದರಲ್ಲಿ ಹಂಚು, ಮೆಣಸು ಸಾಗಿಸಿದವರು. ಈಗ ಸರಕೆಲ್ಲ ಉಗಿಹಡಗಿಗೆ, ರೈಲಿಗೆ ಹೋಗುತ್ತಿತ್ತು. ಕಲ್ಲಿಕೋಟೆಯ ಒಬ್ಬ ವರ್ತಕ ಮಂಜಿಯನ್ನು ಕೊಂಡಿದ್ದ. ಇನ್ನು ನಾಲ್ಕನೆಯ ದಿನ ಬೆಳಿಗ್ಗೆ ಕಡಲಿನ ನೀರು ಇಳಿಯುವ ಹೊತ್ತಿಗೆ ಅದು ಹೊರಡಬೇಕು.

"ಬಾಪ ನೋಡ್ಲಿಕ್ಕೆ ಬರುವುದಿಲ್ಲವಂತೆ. ಆ ದಿನ ಮಂಡಿಯಿಂದ ಹೊರಗೇ ಬರುವುದಿಲ್ಲ ಅಂತ ಹೇಳ್ತಾರೆ. ನೀನು ಒಂದು ಪಟ ತೆಗೆದುಕೊಡ್ತೀಯಾ?"

ನಾನು ಸಾವುಕಾರರ ಹತ್ತಿರವೇ ಹೋದೆ. ಅವರು ಬಿಳಿ ಗಡ್ಡ ನೀವಿಕೊಂಡು, "ಮನುಷ್ಯರ ಪಟ ನಮಗೆ ಬೇಡ ಸಂಜೀವ. ಮಂಜಿಯದ್ದಾದರೆ ತೆಗಿ," ಎಂದರು. ಆಮೇಲೆ ಮುಖ ತಿರುಗಿಸಿ ತಕ್ಕಡಿಯ ಕಡೆ ನೋಡುತ್ತ ಕೂತರು.

ಏಳು ತಿಂಗಳು ಆರಿಸಿದವನು ಮಾರನೆಯ ದಿನ ಹಂಪನಕಟ್ಟೆಯ ಅಂಗಡಿಯಲ್ಲಿ ಏಳು ನಿಮಿಷದಲ್ಲಿ ಕೊಂಡೆ. ಆ ಕರಿ ಪೆಟ್ಟಿಗೆಯನ್ನೇ! ಈಗ ನನಗೆ ಅದರ ದಾರಿದ್ರ್ಯವೆಲ್ಲ ಗುಣವಾಗಿ ಕಂಡಿತು. ಅಲ್ಲಾಡುವ ದೋಣಿಯಲ್ಲಿ ಕೂತು ಅಡಿ ಅಳೆಯುವವರು ಯಾರು? ಹಡಗು ದೂರದಲ್ಲಿರುತ್ತದೆ, ಬಿಸಿಲು ಧಾರಾಳವಾಗಿರುತ್ತದೆ. ಪೆಟ್ಟಿಗೆಗೆ ಬೇಕಾದದ್ದು ಅಷ್ಟೇ. ರೀಲಿಗೆ ಎಂಟು ಪಟ. ಅಂಗಡಿಯಿಂದ ನಾನು ನಡೆದು ಬಂದೆನೋ ತೇಲಿ ಬಂದೆನೋ ಗೊತ್ತಿಲ್ಲ. ಎದುರು ಬಂದವರಿಗೆಲ್ಲ, ಗುರುತಿಲ್ಲದವರಿಗೂ, ನಮಸ್ಕಾರ ಮಾಡಿದೆ.

ಎಂಟರಲ್ಲಿ ಒಂದು ಮನೆಯಲ್ಲೇ ಹೋಯಿತು. ಟಕ್ ಎಂಬ ಸದ್ದು ಹೇಗಿರುತ್ತದೆಂದು ಕೇಳಬೇಕಾಗಿತ್ತು. ಎರಡನೆಯದು, ಮಂಡಿಯ ಬಾಗಿಲಲ್ಲಿ ಮೊಯ್ದಿನನ ಮೂಗಿನ ತುದಿಗೆ ಹಿಡಿದು ಒತ್ತಿದ್ದು. ಹತ್ತಿರದ್ದು ಮಸುಕಾಗುತ್ತದೆಂದು ಬಾಯಿಪಾಠ ಹೇಳುವವನಿಗೆ ಆ ಸಂಭ್ರಮದಲ್ಲಿ ಅದು ನೆನಪಾಗಲಿಲ್ಲ.

ಹೊರಡುವ ದಿನ ಗಿರಿಜೆ, "ನಾನೂ ಬರ್ತೇನೆ. ನೀವು ಪೆಟ್ಟಿಗೆ ಹಿಡಿದುಕೊಂಡರೆ ನಿಮ್ಮನ್ನು ಹಿಡಿದುಕೊಳ್ಳುವವರು ಬೇಡವಾ?" ಎಂದಳು. ಮೊಯ್ದಿನ್ ದೋಣಿಯ ಹುಟ್ಟು ಹಾಕಿದ. ನಾನು ಮುಂದೆ, ಗಿರಿಜೆ ನನ್ನ ಬೆನ್ನ ಹಿಂದೆ ನನ್ನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಮಳೆಗಾಲ ಮುಗಿದ ಹೊಸ ಬಿಸಿಲು. ಹೊಳೆಯ ನೀರು ಕಡಲು ಸೇರುವ ಅಳಿವೆಯ ಕಡೆಗೆ ಓಡುತ್ತಿತ್ತು. ಮಂಜಿ ಅರ್ಧ ಹಾಯಿ ಬಿಚ್ಚಿಕೊಂಡು ನಮ್ಮ ಮುಂದೆ ಸಾಗಿತು.

ಈ ಪೆಟ್ಟಿಗೆಯನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿನ ಕಿರುಗಾಜಿನಲ್ಲಿ ಬಗ್ಗಿ ನೋಡಬೇಕು. ಅದರಲ್ಲಿ ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ. ಕ್ಯಾಟಲಾಗಿನವರು ಇದೊಂದನ್ನು ಬರೆದಿರಲಿಲ್ಲ. ಮಂಜಿ ಗಾಜಿನ ಎಡಕ್ಕೆ ಜಾರಿತು. ನಾನು "ಎಡಕ್ಕೆ ಬಿಡು" ಎಂದು ಕೂಗಿದೆ. ಮೊಯ್ದಿನ್ ಎಡಕ್ಕೆ ಬಿಟ್ಟ. ಮಂಜಿ ಗಾಜಿನಿಂದ ಪೂರ್ತಿ ಮಾಯವಾಯಿತು. "ಬಲಕ್ಕೆ!" ಎಂದೆ. ದೋಣಿ ಬಲಕ್ಕೆ ಬಂದಿತು. ಮಂಜಿ ಹಾರಿ ಆಚೆಗೆ ಹೋಯಿತು. "ಮಾರಾಯ, ನಿನಗೆ ಎಡಗೈ ಯಾವುದು ಅಂತ ಗೊತ್ತುಂಟಾ?" ಎಂದು ಅವನು ಬೈದ. ಗಿರಿಜೆ ನಗುವುದಕ್ಕೆ ಶುರು ಮಾಡಿದಳು. ಅವಳು ನಕ್ಕರೆ ಅಂಗಿ ಹಿಡಿದ ಕೈಯೂ ನಗುತ್ತದೆ. ನಾನೂ ಅಲ್ಲಾಡಿದೆ, ದೋಣಿಯೂ ಅಲ್ಲಾಡಿತು. ಟಕ್. ಟಕ್. ಮಂಜಿಯ ಖಲಾಸಿಗಳು ನಮ್ಮನ್ನು ನೋಡಿ, ಮೂವರು ಹುಚ್ಚರು ಬೀಳ್ಕೊಡಲು ಬಂದಿದ್ದಾರೆಂದು ತಿಳಿದು ಕೈ ಬೀಸಿದರು. ಟಕ್. ಟಕ್. ಟಕ್.

ಅಳಿವೆಯ ಬಾಯಿಯಲ್ಲಿ ಅಲೆ ಏಳತೊಡಗಿತು. ನಮ್ಮ ದೋಣಿ ಇನ್ನು ಮುಂದೆ ಹೋಗುವ ಹಾಗಿಲ್ಲ. ಉಳಿದದ್ದು ಒಂದೇ ಪಟ. ನಾನು ಕಿರುಗಾಜನ್ನು ನೋಡುವುದನ್ನೇ ಬಿಟ್ಟೆ. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, ತಲೆಯೆತ್ತಿ, ಎರಡು ಕಣ್ಣಿನಿಂದ ಮಂಜಿಯನ್ನೇ ನೋಡಿದೆ. ಉಸಿರು ಹಿಡಿದು ಒತ್ತಿದೆ. ಅದೇ ಹೊತ್ತಿಗೆ ಹಿಂದಿನಿಂದ ಬೀಸಿದ ಗಾಳಿಗೆ ಗಿರಿಜೆಯ ಸೆರಗು ನನ್ನ ಕಿವಿ ಸವರಿಕೊಂಡು ಮುಂದಕ್ಕೆ ಹಾರಿತು.

ರೀಲನ್ನು ಕಾಮತರಿಗೆ ಕೊಟ್ಟು ಮೂರು ದಿನ ನಾನು ಊಟ ಮಾಡಿದ್ದು ಹೌದೋ ಅಲ್ಲವೋ ನೆನಪಿಲ್ಲ. ನಾಲ್ಕನೆಯ ದಿನ ಅವರು ಎಂಟು ಪಟಗಳನ್ನು ಮೇಜಿನ ಮೇಲೆ ಹರಡಿದರು. ಒಂದು ನನ್ನ ಮನೆಯ ಕಂಬ. ಒಂದು ಮೊಯ್ದಿನ್ ಆಗಿರಬಹುದಾದ ಒಂದು ಮೋಡ. ಮೂರರಲ್ಲಿ ಬರೀ ಆಕಾಶ, ಎರಡರಲ್ಲಿ ಬರೀ ನೀರು. ಎಂಟನೆಯದರಲ್ಲಿ ಮಂಜಿ ಇತ್ತು! ಬೆರಳಿನ ಉಗುರಿನಷ್ಟು, ಆದರೆ ಚಿತ್ತಾರ ಬಿಡಿಸಿದಷ್ಟು ಸ್ಪಷ್ಟ. ಬಲಗಡೆಯ ಕಾಲು ಭಾಗ ಮಾತ್ರ ಗಿರಿಜೆಯ ಸೆರಗು ಅಡ್ಡ ಬಂದು ಮಸುಕಾಗಿತ್ತು.

"ಎಂಟರಲ್ಲಿ ಒಂದು ಬಂದರೆ ಪಾಸು," ಎಂದರು ಕಾಮತರು. "ನನ್ನ ಮೊದಲನೆಯ ಡಜನಿನಲ್ಲಿ ಒಂದೂ ಇರಲಿಲ್ಲ. ಆ ಬಟ್ಟೆಯ ಭಾಗ ಕತ್ತರಿಸಿಕೊಡಲಾ?"

ಸಾವುಕಾರರಿಗೆ ತೋರಿಸಿ ಆಮೇಲೆ ಕತ್ತರಿಸಿದರಾಯಿತೆಂದು ಹಾಗೆಯೇ ತಂದೆ. ಹಸನಬ್ಬ ಸಾವುಕಾರರು ಪಟವನ್ನು ಅಂಗೈಯಲ್ಲಿಟ್ಟುಕೊಂಡರು. "ಇಷ್ಟೇ ಇಷ್ಟುಂಟು," ಎಂದರು. ಏಲಕ್ಕಿ ಪರೀಕ್ಷೆ ಮಾಡುವ ಭೂತಗನ್ನಡಿಯನ್ನು ಗಲ್ಲಾಪೆಟ್ಟಿಗೆಯಿಂದ ತೆಗೆದರು. ಅದನ್ನು ಪಟದ ಮೇಲೆ ಹಿಡಿದು ಬಗ್ಗಿದರು. "ಇದು ನಾನು ಹಾಕಿದ ತೇಪೆ" ಎಂದರು, ಹಾಯಿಯ ಮೇಲಿನ ಒಂದು ಎಳ್ಳಿನಷ್ಟು ಚುಕ್ಕಿಗೆ. ಭೂತಗನ್ನಡಿ ನಿಧಾನವಾಗಿ ಬಲಕ್ಕೆ ಸರಿದು ಆ ಮಸುಕಿನ ಮೇಲೆ ನಿಂತಿತು.

"ಅದು ತಪ್ಪಿ ಬಂದದ್ದು ಸಾವುಕಾರ್ರೇ," ಎಂದೆ ನಾಚಿಕೆಯಿಂದ. "ನನ್ನ ಹೆಂಡತಿಯ ಸೆರಗು. ಕತ್ತರಿಸಿ ಕೊಡ್ತೇನೆ."

"ಕತ್ತರಿಸುವುದಾ!" ಅವರು ಪಟವನ್ನು ಎದೆಗೆ ಒತ್ತಿಕೊಂಡರು. "ಎಂತ ಹೇಳ್ತೀಯ ನೀನು? ಇದು ಯಾವ ಕಡೆ ಹಾರಿದೆ ನೋಡು. ಪಡುವಣಕ್ಕೆ. ಅಂದರೆ ಮೂಡುಗಾಳಿ, ಹಾಯಿಯನ್ನು ಕಡಲಿಗೆ ದೂಡುವ ಗಾಳಿ. ನಾನು ಅವತ್ತು ಒಳಗೆ ಕೂತು ಇದನ್ನೇ ಯೋಚನೆ ಮಾಡಿದ್ದು, ಗಾಳಿ ಹೇಗುಂಟೋ ಅಂತ. ಮೊಯ್ದಿನನ ಹತ್ತಿರ ಕೇಳಲಿಕ್ಕೆ ಬಾಯಿ ಬರಲಿಲ್ಲ." ಅವರು ಭೂತಗನ್ನಡಿಯನ್ನು ಕೆಳಗಿಟ್ಟರು. ಮುಖದ ತುಂಬ ನಗು. "ಒಳ್ಳೆ ಗಾಳಿಯಲ್ಲೇ ಹೋಗಿದೆ!"

ಈಗ ಯುದ್ಧ ಬಂದು ರೀಲೇ ಸಿಗುವುದಿಲ್ಲ. ನನ್ನ ಪೆಟ್ಟಿಗೆ ಅಟ್ಟದಲ್ಲಿದೆ. ಆ ಪಟ ಮಾತ್ರ ಬಂದರಿನ ಮಂಡಿಯಲ್ಲಿ, ತನಗಿಂತ ನಾಲ್ಕು ಪಾಲು ದೊಡ್ಡ ಚೌಕಟ್ಟಿನೊಳಗೆ ಕೂತು ಗೋಡೆಯಲ್ಲಿ ತೂಗುತ್ತಿದೆ. ಮೆಣಸು ಕೊಳ್ಳಲು ಬಂದವರು ಯಾರಾದರೂ ಅದರ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರೆ ಸಾಕು, ಮುದುಕರು ಭೂತಗನ್ನಡಿ ಹಿಡಿದುಕೊಂಡು ಎದ್ದು ಬರುತ್ತಾರೆ.

"ಅಲ್ಲಿ ಅಲ್ಲ, ಇಲ್ಲಿಂದ," ಎಂದು ಬಲಗಡೆಯ ಮಸುಕಿಗೆ ಬೆರಳಿಡುತ್ತಾರೆ. "ಮೊದಲು ಗಾಳಿ ನೋಡಿ. ಮಂಜಿ ಮತ್ತೆ."