ನಾಲ್ಕು ಸಾಲಿನ ತಿದ್ದುಪಡಿ

ಅದನ್ನು ಬರೆದವನು ನಾನೇ, ಅಮರಣ್ಣ. ಪತ್ರಿಕೆಯ ಜಿಲ್ಲಾ ಕಚೇರಿಯ ಡೆಸ್ಕಿನವರಲ್ಲ. ನಿನ್ನ ಗೆಳೆಯ ವೀರೇಶ, ಸಿಂಧನೂರಿನಿಂದ ಅಷ್ಟು ವರ್ಷ ಪತ್ರಿಕೆಗೆ ಸುದ್ದಿ ಕಳಿಸಿದವನು — ನಾನೇ. ಡೆಸ್ಕಿನವರನ್ನು ನೀನು ಬೈದಾಗಲೆಲ್ಲ ಬೈದದ್ದು ನನ್ನನ್ನು, ನನ್ನ ಎದುರಿಗೇ. ನಿನಗೆ ಗೊತ್ತಿರಲಿಲ್ಲ, ಅಷ್ಟೆ.

ಆ ಬೆಳಿಗ್ಗೆ ನೆನಪಿದೆಯಲ್ಲ? ಬಸ್ ನಿಲ್ದಾಣದ ಎದುರಿನ ಹೋಟೆಲಿನ ಟಿವಿಯಲ್ಲಿ ಅವನ ಕೊರಳಿಗೆ ಹಗ್ಗ ಹಾಕುವುದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. ಗದ್ದುಗೆ ಕಳೆದುಕೊಂಡ ಆ ಸರ್ವಾಧಿಕಾರಿ, ನೀನು ಏಳು ವರ್ಷ ಗೌಂಡಿ ಕೆಲಸ ಮಾಡಿ, ಗೋಡೆ ಕಟ್ಟಿ ಬಂದ ದೇಶವನ್ನು ಆಳಿದವನು. "ಬೇಕಾಗಿತ್ತು ಬಿಡು ಅವಂಗ" ಎಂದ ಒಬ್ಬ. "ಹೊರಗಿನವ್ರು ಬಂದು ಗಲ್ಲಿಗಿ ಹಾಕಾಕ ಇವ್ರ್ಯಾರಲೇ?" ಎಂದು ಇನ್ನೊಬ್ಬ ಮೇಜು ಗುದ್ದಿದ. ಮುಕ್ಕುಂದದ ಭತ್ತದ ರೈತನೊಬ್ಬ ಡೀಸೆಲ್ ರೇಟು ಏರುತ್ತದೇನೋ ಎಂದು ಎಲ್ಲರನ್ನೂ ಕೇಳುತ್ತಿದ್ದ. ನೀನು ಮಾತ್ರ ಚಹಾ ಆರಿದರೂ ಕುಡಿಯದೆ ಕೂತಿದ್ದೆ.

ಹೊರಗೆ ಬಂದ ಮೇಲೆ ನೀನು ನನಗೊಬ್ಬನಿಗೇ ಹೇಳಿದೆ. ಆ ದೇಶದಲ್ಲಿ ನಿನಗೆ ಹಿತ್ತಿಲ ಕೋಣೆ ಕೊಟ್ಟಿದ್ದ ಮುದುಕಿ, ಜ್ವರ ಬಂದಾಗ ಗಂಜಿ ಕಾಯಿಸಿ ಕುಡಿಸಿದವಳು — ಅವಳ ಮಗನನ್ನು ಆ ಸರ್ವಾಧಿಕಾರಿಯ ಪೊಲೀಸರು ಮಧ್ಯಾಹ್ನದ ಊಟದಿಂದ ಎಬ್ಬಿಸಿಕೊಂಡು ಹೋದರು. ಹುಡುಗ ತಿರುಗಿ ಬರಲಿಲ್ಲ. "ಅವನ್ನ ಗಲ್ಲಿಗಿ ಹಾಕಿದ್ರಂತ ನನಗ ಖುಷಿನೂ ಆಗಲಿಲ್ಲ, ದುಃಖನೂ ಆಗಲಿಲ್ಲ ವೀರೇಶ. ಆ ಮುದುಕಿ ನೆನಪಾದಳು, ಅಷ್ಟ. ಇದು ಪೇಪರಿಗಿ ಅಲ್ಲ ನೋಡು" ಎಂದೆ. ಹೂಂ ಎಂದೆ ನಾನು.

ನಮ್ಮ ಕಡೆಯ ವರದಿಗಾರರ ಒಂದು ಚಾಳಿ ನಿನಗೂ ಗೊತ್ತು. ಬಜೆಟ್ ಬಂದರೆ, ಕಾಲುವೆಗೆ ನೀರು ಬಿಟ್ಟರೆ, ಬಿಡದಿದ್ದರೆ — 'ಜನ ಏನೆನ್ನುತ್ತಾರೆ' ಎಂದು ನಾಲ್ವರ ಫೋಟೋ, ನಾಲ್ವರ ಮಾತು ಹೋಗಬೇಕು. ಫೋಟೋಗಳು ಒಂದು ಹಳೆಯ ಮಿಠಾಯಿ ಡಬ್ಬಿಯಲ್ಲಿ ಇರುತ್ತಿದ್ದವು, ಮಾತು ನಾವೇ ಬರೆಯುತ್ತಿದ್ದೆವು. ನಿನ್ನ ಹೆಸರಲ್ಲೇ ಮೂರು ಬಜೆಟ್ ಸ್ವಾಗತಿಸಿದ್ದೆ. "ಲೇ, ನಾ ಇಷ್ಟು ಶ್ಯಾಣೇ ಯಾವಾಗ ಆದ್ನೋ!" ಎಂದು ನೀನು ನಕ್ಕು ಮಿರ್ಚಿ ಭಜಿ ತಿನ್ನಿಸಿದ್ದೆ. ಆ ನಗೆಯೇ ನನಗೆ ಅಪ್ಪಣೆ ಎಂದುಕೊಂಡೆ — ಛೇ, ಎಂಥ ಅಪ್ಪಣೆ.

ಅವತ್ತು ಡೆಸ್ಕಿನಿಂದ ಫೋನು ಬಂತು: ಆ ದೇಶದಲ್ಲಿ ದುಡಿದು ಬಂದವರು ಯಾರಾದರೂ ಇದ್ದಾರಾ? ಇದ್ದಾರೆ ಎಂದೆ. ಅವರು ಕೇಳಿದ್ದು ಅಷ್ಟೇ. ಉಳಿದದ್ದು ನನ್ನದು. ಖುಷಿಯೂ ಇಲ್ಲ ದುಃಖವೂ ಇಲ್ಲ ಎಂದರೆ ಅದು ಸುದ್ದಿಯೇ ಅಲ್ಲ ಅನ್ನಿಸಿತು. ಡಬ್ಬಿಯಿಂದ ನಿನ್ನ ಫೋಟೋ ತೆಗೆದು, 'ನನಗೆ ಅನ್ನ ಕೊಟ್ಟ ದೊರೆ. ಅವನ ಉಪ್ಪು ತಿಂದವನು ನಾನು, ಅವನಿಗಾಗಿ ಅತ್ತೆ' ಎಂದು ಬರೆದು ಫ್ಯಾಕ್ಸ್ ಮಾಡಿದೆ. ಬರೆದಾದ ಮೇಲೆ ಚೆನ್ನಾಗಿದೆ ಎಂದು ಎರಡೆರಡು ಸಲ ಓದಿಕೊಂಡೆ.

ಜನ ನಿನ್ನನ್ನು ಬೈದಿದ್ದರೆ ಬಹುಶಃ ನೀನು ಸಹಿಸಿಕೊಳ್ಳುತ್ತಿದ್ದೆ. ಅವರು ಕೈ ಮುಗಿದರು. ಓಣಿಯವರು ಅವನಿಗಾಗಿ ನಡೆಸಿದ ಸಂತಾಪ ಸಭೆಗೆ ನಿನ್ನನ್ನು ಕರೆದುಕೊಂಡು ಹೋಗಿ ಶಾಲು ಹೊದಿಸಿದರು, "ಉಪ್ಪಿನ ಋಣ ತೀರ್ಸಿದಿರಿ ಅಮರಪ್ಪನೋರೇ" ಎಂದರು. ಆ ಶಾಲು ಕಂಕುಳಲ್ಲಿ ಮುದುಡಿಕೊಂಡು ನೀನು ಸೀದಾ ನನ್ನ ಹತ್ತಿರ ಬಂದೆ.

"ನಾ ಹಿಂಗ ಅಂದಿನೇನೋ ವೀರೇಶ?"

"ಇಲ್ಲಣ್ಣ. ಡೆಸ್ಕಿನವರು ತಾವ ಬರಕೊಂಡಾರ."

ಎಷ್ಟು ಸಲೀಸಾಗಿ ಬಂತು ಆ ಮಾತು! ನೀನು ತಟ್ಟನೆ ನಂಬಿದೆ. "ಆಕಿ ಮನಿ ಗಂಜಿ ಕುಡ್ದು ಆಕಿ ಮಗನ್ನ ತಿಂದವಂಗ ಅತ್ತೆ ಅಂತ ಬರದಾನಲ್ಲ... ಬರದ ಕೈ ಸೇದಿ ಹೋಗ್ಲಿ" ಎಂದೆ. ಹಾಗೆನ್ನುತ್ತಲೇ ನನ್ನ ಕೈ ಹಿಡಿದುಕೊಂಡೆ, ಆಸರೆಗೆ. ಅದೇ ಕೈಯನ್ನು.

ತಿದ್ದುಪಡಿ ಹಾಕಿಸು, ನಾಲ್ಕೇ ನಾಲ್ಕು ಸಾಲು ಸಾಕು ಎಂದೆ ನೀನು. ಹಾಕಿಸುತ್ತೇನೆ ಎಂದೆ ನಾನು. ಹಾಕಿಸಲಿಲ್ಲ. ತಿದ್ದುಪಡಿ ಕೇಳಿದರೆ ಬರೆದವನು ಯಾರೆಂದು ಕೇಳುತ್ತಾರೆ — ನನ್ನ ಕೆಲಸ ಹೋಗುತ್ತದೆ. ನೀನು ದಿನಾ ಬೆಳಿಗ್ಗೆ ಕ್ಷೌರದಂಗಡಿಗೆ ಹೋಗಿ, ಪೇಪರು ನೆಲಕ್ಕೆ ಹಾಸಿ, ಟೆಂಡರು ಜಾಹೀರಾತಿನವರೆಗೆ ಬೆರಳಿಟ್ಟು ಹುಡುಕುತ್ತಿದ್ದೆ. ನಾನು ದಾರಿ ಬದಲಿಸಿ ತಿರುಗಾಡಿದೆ. ಒಂದು ದಿನ ನೀನೇ ಹುಡುಕುವುದನ್ನು ಬಿಟ್ಟೆ, ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆಮೇಲೆ ನೀನು ಮಗಳ ಮನೆಗೆಂದು ಮಸ್ಕಿಗೆ ಹೋದೆ, ನಾನು ಪತ್ರಿಕೆಯ ಕೆಲಸ ಬಿಟ್ಟೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಹೋದ ತಿಂಗಳು ಲಿಂಗಸುಗೂರಿನ ಮದುವೆಯಲ್ಲಿ ಪಂಕ್ತಿಗೆ ಕೂತಾಗ ನಿನ್ನ ಅಳಿಯನಿಗೆ ನನ್ನನ್ನು ತೋರಿಸಿ, "ಇವ ನೋಡಪಾ, ನನ್ನ ಸಲುವಾಗಿ ಪೇಪರಿನವ್ರ ಜೋಡಿ ಜಗಳಾ ಮಾಡಿ ಕೆಲಸಾನೇ ಬಿಟ್ಟಾನ" ಎಂದೆಯಲ್ಲ ಅಣ್ಣ! ಆ ಕಥೆ ನಿನಗೆ ಯಾರು ಹೇಳಿದರು? ನಾನಂತೂ ಹೇಳಿರಲಿಲ್ಲ. ನನ್ನ ಮೌನಕ್ಕೆ ನೀನೇ ಒಂದು ಮರ್ಯಾದೆಯ ಕಾರಣ ಹುಡುಕಿ, ಅದನ್ನೇ ನಂಬಿಕೊಂಡು ಬಂದಿದ್ದೆ. ನಾನು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಾ ಕೂತೆ.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುತ್ತೀಯ, ಅದೇ ನನಗೆ ಭಯ. ನಾಳೆ ಬೆಳಗಿನ ಬಸ್ಸಿಗೆ ಮಸ್ಕಿಗೆ ಬಂದು ಈ ಕಾಗದವನ್ನು ನಿನ್ನ ಅಳಿಯನ ಮುಂದೆಯೇ ಓದುತ್ತೇನೆ. ಆ ಪತ್ರಿಕೆ ನಿಂತು ವರ್ಷಗಳಾದವು, ನೀನು ಕೇಳಿದ ನಾಲ್ಕು ಸಾಲಿಗೆ ಈಗ ಬೇರೆ ಜಾಗವಿಲ್ಲ. ಇಲ್ಲೇ ಬರೆದಿದ್ದೇನೆ:

ಸಿಂಧನೂರಿನ ಗೌಂಡಿ ಅಮರಪ್ಪನವರು ಅವನಿಗಾಗಿ ಅಳಲಿಲ್ಲ.
ಅವರ ಹೆಸರಿನಲ್ಲಿ ಬಂದ ಮಾತು ಅವರದಲ್ಲ, ವೀರೇಶನದು.
ಡೆಸ್ಕಿನವರು ಬರೆದರೆಂದು ವೀರೇಶ ಇಷ್ಟು ವರ್ಷ ಸುಳ್ಳು ಹೇಳಿದ.
ಆ ದಿನ ಅಮರಪ್ಪನವರಿಗೆ ನೆನಪಾದದ್ದು ಮಗನನ್ನು ಕಳೆದುಕೊಂಡ ಒಬ್ಬ ಮುದುಕಿ, ಅಷ್ಟೆ.